ಮುಂಬಯಿ ಮಾವನ ಸಮುದ್ರದರ್ಶನ

ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕುಲುಕಾಡಿ, ಕುಚ್ಚಲಕ್ಕಿ, ಹಲಸಿನ ಹಪ್ಪಳ, ಒಣಮೀನಿನ ಕಟ್ಟು ಹೊತ್ತುಕೊಂಡು ಕುರ್ಲಾದಲ್ಲಿ ಇಳಿದ ನೆಂಟರಿಗೆ ಮುಂಬಯಿ ಮಾವ ಹೇಳುವ ಮೊದಲ ಮಾತು: “ನಾಳೆ ಬೇಗ ಸ್ನಾನ ಮುಗಿಸಿ, ಸಮುದ್ರ ತೋರಿಸ್ತೇನೆ.” ನೆಂಟರು ಮಲ್ಪೆಯವರಿರಬಹುದು. ಮರವಂತೆಯವರೂ ಇರಬಹುದು, ಅಂದರೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇಟ್ಟುಕೊಂಡು ನಡುವಿನ ಹೆದ್ದಾರಿಯಲ್ಲಿ ದಿನಾ ಬಸ್ಸಿಗೆ ಕಾಯುವವರು. ಮಾವ ಅದನ್ನೆಲ್ಲ ಲೆಕ್ಕಕ್ಕಿಡುವುದಿಲ್ಲ. ಅದೇ ಅರಬ್ಬೀ ಸಮುದ್ರ, ಅದೇ ಉಪ್ಪು ನೀರು. ಆದರೂ ಡೊಂಬಿವಿಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್ ಹಿಡಿದು, ನೆಂಟರ ಬೆವರಿಳಿಸಿ, ಅದರ ಮುಂದೆ ತಂದು ನಿಲ್ಲಿಸುತ್ತಾರೆ. ಊರಿನವರು ಹಿಂದಿನಿಂದ ನಗುತ್ತಾರೆ. ಆ ನಗು ಸ್ವಲ್ಪ ಅವಸರದ್ದು. ಮಾವ ಸಮುದ್ರ ತೋರಿಸುತ್ತೇನೆ ಎನ್ನುತ್ತಾರೆ ನಿಜ, ಆದರೆ ತೋರಿಸುವುದು ಸಮುದ್ರವನ್ನಲ್ಲ ಎಂಬುದು ನನ್ನ ವಾದ.

ಅವರು ನಿಲ್ಲುವ ಭಂಗಿಯನ್ನೇ ನೋಡಿ. ಗೇಟ್‌ವೇ ಆಫ್ ಇಂಡಿಯಾದ ಬಳಿ ಕಮಾನನ್ನೂ ಎದುರಿನ ತಾಜ್ ಹೋಟೆಲನ್ನೂ ಒಟ್ಟಿಗೆ ನೋಡಬೇಕಾದರೆ ಕಡಲಿಗೆ ಬೆನ್ನು ಹಾಕಲೇಬೇಕು. ಬಾಂದ್ರಾ ಬ್ಯಾಂಡ್‌ಸ್ಟಾಂಡಿನಲ್ಲಂತೂ ಊರಿಗೆ ಊರೇ ಶಾರುಖ್ ಖಾನನ ಮನೆಯ ಗೇಟಿಗೆ ಮುಖ ಮಾಡಿ ನಿಂತಿರುತ್ತದೆ. ಪಾಪ, ಹಿಂದೆ ಸಮುದ್ರ ತನ್ನಷ್ಟಕ್ಕೆ ಬಂಡೆಗೆ ತಲೆ ಚಚ್ಚಿಕೊಳ್ಳುತ್ತಿರುತ್ತದೆ. ಜುಹುವಿನಲ್ಲಿ ಕಣ್ಣೆಲ್ಲ ಪಾವ್‌ಭಾಜಿಯ ತವದ ಮೇಲೆ. ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ಉಬ್ಬರದಲ್ಲಿ ಮುಳುಗುವಂಥದು, ಆದ್ದರಿಂದ ಅಲ್ಲಿ ದೃಷ್ಟಿ ಕಾಲಬುಡದಲ್ಲಿ. 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೀ ಲಿಂಕಿನ ಮೇಲೆ ನಡೆಯುವಂತಿಲ್ಲ, ರಿಕ್ಷಾ ಬಿಡುವುದಿಲ್ಲ, ಟ್ಯಾಕ್ಸಿಗೆ ಟೋಲು ಬೇರೆ. ಹಾಗಾಗಿ ಮಾವ ಅದನ್ನು ಬಾಂದ್ರಾ ಕೋಟೆಯ ಮೇಲಿಂದ, ಹುಡುಗಿ ನೋಡಲು ಹೋದವರ ಹಾಗೆ ದೂರದಿಂದಲೇ ತೋರಿಸುತ್ತಾರೆ. ಒಟ್ಟು ದಿನದಲ್ಲಿ ನೆಂಟರು ಸಮುದ್ರವನ್ನು ನೇರ ನೋಡುವುದು ಫೋಟೋದಲ್ಲಿ, ತಮ್ಮದೇ ಹೆಗಲ ಹಿಂದೆ.

ಇನ್ನು ಮಾವನ ಬಾಯಿಂದ ಬರುವ ಮಾತು ಕೇಳಿ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತು, ಕೈಯನ್ನು ಅರ್ಧ ಚಕ್ರದಂತೆ ಬೀಸಿ, “ಇದೆಲ್ಲ ಮೊದಲು ಸಮುದ್ರ ಇತ್ತು” ಎನ್ನುತ್ತಾರೆ. ಹೆಮ್ಮೆ ಇರುವುದು ‘ಇತ್ತು’ ಎಂಬಲ್ಲಿ. ಮಾತು ಸುಳ್ಳೂ ಅಲ್ಲ. ಏಳು ದ್ವೀಪಗಳ ನಡುವಿನ ನೀರಿಗೆ ಮಣ್ಣು ಸುರಿದು ಸುರಿದು ಆದ ಊರು ಇದು. ಹದಿನೆಂಟನೆಯ ಶತಮಾನದ ಹಾರ್ನ್‌ಬಿ ವೆಲ್ಲಾರ್ಡ್ ಒಡ್ಡಿನಿಂದ ಹಿಡಿದು ಮೊನ್ನೆ 2024ರಲ್ಲಿ ತೆರೆದ ಕೋಸ್ಟಲ್ ರೋಡಿನವರೆಗೆ ಒಂದೇ ಕಸುಬು. ಗೇಟ್‌ವೇ ನಿಂತಿರುವುದು, ಮರೀನ್ ಡ್ರೈವ್ ಹರಿದಿರುವುದು, ನಾರಿಮನ್ ಪಾಯಿಂಟಿನ ಕಚೇರಿಗಳು ಎದ್ದಿರುವುದು ಎಲ್ಲವೂ ಕಡಲಿನಿಂದ ಕಿತ್ತುಕೊಂಡ ಜಾಗದಲ್ಲಿ. ಅದರಲ್ಲೂ ನಾರಿಮನ್ ಕತೆ ಸ್ವಾರಸ್ಯದ್ದು. 1920ರ ದಶಕದಲ್ಲಿ ಬ್ಯಾಕ್ ಬೇಯನ್ನು ತುಂಬುವ ಸರ್ಕಾರಿ ಯೋಜನೆಯ ಅವ್ಯವಹಾರವನ್ನು ಬಯಲಿಗೆಳೆದವರು ಕೆ.ಎಫ್. ನಾರಿಮನ್, ಮುಂದೆ ಅಲ್ಲೇ ತುಂಬಿದ ನೆಲಕ್ಕೆ ಅವರದೇ ಹೆಸರು ಬಂತು! ಮಲ್ಪೆಯ ನೆಂಟರಿಗೆ ಕಡಲು ಹೊಸದಲ್ಲ. ಕಡಲನ್ನು ಹಿಂದಕ್ಕೆ ತಳ್ಳಿ ಅದರ ಎದೆಯನ್ನೇ ಚದರಡಿ ಲೆಕ್ಕದಲ್ಲಿ ಮಾರಿದ್ದು ಹೊಸದು. ಮಾವ ತೋರಿಸುವುದು ಇದನ್ನು. ಎದುರಿನ ಕಟ್ಟಡಗಳಲ್ಲಿ ಒಂದೊಂದು ಫ್ಲ್ಯಾಟಿನ ರೇಟನ್ನೂ ಅವರು ಬಾಯಿಪಾಠ ಹೇಳುತ್ತಾರೆ, ತಾವು ನಿನ್ನೆಯಷ್ಟೇ ಬೇಡವೆಂದು ಬಿಟ್ಟುಬಂದವರ ಹಾಗೆ.

ಅವರ ಚರಿತ್ರೆಯೆಲ್ಲ ತಪ್ಪು ಎಂದು ಆಕ್ಷೇಪಿಸುವವರಿದ್ದಾರೆ. ಒಪ್ಪಿದೆ. ಐದನೆಯ ಜಾರ್ಜ್ ದೊರೆ ಗೇಟ್‌ವೇ ಕಮಾನಿನೊಳಗಿಂದ ರಾಣಿಯ ಕೈ ಹಿಡಿದು ನಡೆದುಬಂದದ್ದನ್ನು ಮಾವ ಕಣ್ಣಾರೆ ಕಂಡವರಂತೆ ವರ್ಣಿಸುತ್ತಾರೆ. ದೊರೆ ಬಂದದ್ದು 1911ರಲ್ಲಿ, ಕಮಾನಿಗೆ ಅಡಿಗಲ್ಲು ಬಿದ್ದದ್ದು 1913ರಲ್ಲಿ, ಕೆಲಸ ಮುಗಿದದ್ದು 1924ರಲ್ಲಿ. ದೊರೆ ನೋಡಿದ್ದು ರಟ್ಟಿನ ಮಾದರಿಯನ್ನು. ಅದೇ ಬಾಗಿಲಲ್ಲಿ ಕೊನೆಯ ಬ್ರಿಟಿಷ್ ಸೈನಿಕರು ಹೊರಗೆ ಹೋದದ್ದು ಮಾತ್ರ ಖಂಡಿತ, 1948ರ ಫೆಬ್ರವರಿ 28ರಂದು. ಸ್ವಾಗತದ ನೆನಪಿಗೆ ಕಟ್ಟಿದ್ದು ಬೀಳ್ಕೊಡುಗೆಗೆ ಬಂದ ಕತೆ ಮಾವನ ಕತೆಗಿಂತ ಚೆಂದವಾಗಿಯೇ ಇದೆ. ಆದರೆ ನೆಂಟರು ಪರೀಕ್ಷೆ ಬರೆಯಲು ಬಂದವರಲ್ಲ.

ಮಾವ ಜಿಪುಣರು, ಟಿಕೆಟ್ಟಿಲ್ಲ ಎಂದೇ ಸಮುದ್ರ ತೋರಿಸುತ್ತಾರೆ ಎಂಬ ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಎಲಿಫಂಟಾ ಗುಹೆಗಳಿಗೆ ಲಾಂಚಿನ ಚಾರ್ಜು, ಮೇಲೆ ಪ್ರವೇಶದ ಟಿಕೆಟ್ಟು. ಗುಹೆಗಳಿಗೆ ಸೋಮವಾರ ರಜೆ. ಮಾವನ ಕ್ಯಾಲೆಂಡರಿನಲ್ಲಿ ವಾರದ ಏಳೂ ದಿನ ಸೋಮವಾರ.

ಸಮುದ್ರದ ಮೇಲೆ ಅಷ್ಟು ಪ್ರೀತಿಯಿದ್ದರೆ ನೆಂಟರಿಲ್ಲದಾಗ ಅವರೊಬ್ಬರೇ ಯಾಕೆ ಹೋಗುವುದಿಲ್ಲ? ಇದು ನಿಜವಾಗಿ ಕೇಳಬೇಕಾದ ಪ್ರಶ್ನೆ. ಕರಾವಳಿಯಿಂದ ಮುಂಬಯಿಗೆ ಬಂದವರು ಕಡಲಿನ ಆಸೆಗೆ ಬಂದವರಲ್ಲ. ಕಡಲನ್ನೇ ನಂಬಿದ್ದ ಮೊಗವೀರರು ಕೂಡ ಇಲ್ಲಿ 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡದ್ದು ಅಲೆ ಎಣಿಸಲಿಕ್ಕಲ್ಲ. ದುಡಿಯಲು ಬಂದವನಿಗೆ ಸಮುದ್ರ ಎಂದರೆ ಲೋಕಲ್ ರೈಲಿನ ಶತ್ರು. ಮಲ್ಪೆಯಲ್ಲಿ ಉಬ್ಬರ-ಇಳಿತದ ಅಂತರ 2 ಮೀಟರ್ ಮುಟ್ಟುವುದೇ ಅಪರೂಪ. ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನ ನೀರು 5 ಮೀಟರಿನ ಹತ್ತಿರ ಏರುತ್ತದೆ. ಅದೇ ಹೊತ್ತಿಗೆ ಮಳೆಯೂ ಜಡಿದರೆ ಚರಂಡಿಯ ನೀರಿಗೆ ಹೋಗಲು ದಾರಿಯಿಲ್ಲ, ಹಳಿ ಮುಳುಗುತ್ತದೆ. 4.5 ಮೀಟರ್ ಮೀರುವ ದಿನಗಳ ಪಟ್ಟಿಯನ್ನು ಮಹಾನಗರಪಾಲಿಕೆ ಮಳೆಗಾಲಕ್ಕೆ ಮೊದಲೇ ಹೊರಡಿಸುತ್ತದೆ. ಮಾವ ಅದನ್ನು ಏಕಾದಶಿ ಪಟ್ಟಿಯಷ್ಟೇ ಶ್ರದ್ಧೆಯಿಂದ ಓದುತ್ತಾರೆ. ಇಂಥ ಸಮುದ್ರದ ಮುಂದೆ ಅವರು ಸುಮ್ಮನೆ ಹೋಗಿ ಕೂರುವುದಾದರೂ ಹೇಗೆ? ನೆಂಟರು ಬಂದ ದಿನ ಮಾತ್ರ ಅದು ಶತ್ರುವಲ್ಲ, ಸ್ವಂತ ಆಸ್ತಿ. ಅದೃಷ್ಟ ಕೆಟ್ಟು ಆ ಹೊತ್ತಿಗೆ ಇಳಿತವಿದ್ದು, ಬ್ಯಾಂಡ್‌ಸ್ಟಾಂಡಿನಲ್ಲಿ ಕಪ್ಪು ಬಂಡೆ, ಪ್ಲಾಸ್ಟಿಕ್ಕು ಬಿಟ್ಟು ಬೇರೇನೂ ಕಾಣದಿದ್ದಾಗ, ಮರವಂತೆಯ ಅಕ್ಕ “ಸಮುದ್ರ ಎಲ್ಲಿ ಮಾರಾಯ್ರೇ?” ಎಂದು ಕೇಳಿದರೆ ಮಾವ ಜಗ್ಗುವುದಿಲ್ಲ. “ಬರ್ತದೆ, ಸಂಜೆ ಶಿಫ್ಟು” ಎನ್ನುತ್ತಾರೆ.

ಮೇ ತಿಂಗಳಲ್ಲಿ ಮಾವ ಊರಿಗೆ ಬರುತ್ತಾರೆ. ಈಗ ಮಲ್ಪೆಗೂ ಸೀ ವಾಕ್ ಬಂದಿದೆ, ಪ್ರವಾಸಿಗರ ಬಸ್ಸುಗಳು ಸಾಲುಗಟ್ಟುತ್ತವೆ, ಅಳಿಯಂದಿರಿಗೆ ತೋರಿಸುವ ಉಮೇದು ಹುಟ್ಟಿದೆ. “ಸಮುದ್ರ ನೋಡಲಿಕ್ಕೆ ಹೋಗುವ ಮಾವ” ಎಂದು ಎಳೆದುಕೊಂಡು ಹೋಗುತ್ತಾರೆ. ಮಾವ ಸೀ ವಾಕಿನ ತುದಿಯವರೆಗೆ ನಡೆದು, ಕಡಲಿಗೆ ಬೆನ್ನು ಕೊಟ್ಟು ನಿಂತು, ದಡದ ತೆಂಗಿನ ತೋಟವನ್ನು ಎಡದಿಂದ ಬಲಕ್ಕೆ ಒಮ್ಮೆ ಅಳೆದು ನೋಡಿ ಕೇಳುತ್ತಾರೆ: “ಇಲ್ಲಿ ಈಗ ಸೆಂಟ್ಸಿಗೆ ಎಷ್ಟು ನಡೀತಾ ಉಂಟು?”