ಐದು ಗಂಟೆ ಕೇಳಬೇಕಾದ ದನಿ

ಲಿಫ್ಟು ಹೊರಟಾಗಲೂ ನಿಂತಾಗಲೂ ನಮ್ಮ ಹೊಟ್ಟೆಗೆ ಗೊತ್ತಾಗುತ್ತದೆ. ನಡುವೆ ಒಂದೇ ವೇಗದಲ್ಲಿ ಸಾಗುವಾಗ ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ಕೇಳಿದರೆ ಮಾತ್ರ ಅದು ಸುಮ್ಮನಿರುತ್ತದೆ. ಎಂಜಿನ್ ಇಲ್ಲದ ಗ್ಲೈಡರಿನಲ್ಲಿ ಕೂತವನಿಗೆ ಇದು ದೊಡ್ಡ ಫಜೀತಿ. ಬಿಸಿಲಿಗೆ ಕಾದು ಮೇಲೇಳುವ ಗಾಳಿಯನ್ನು, ಅಂದರೆ ಥರ್ಮಲನ್ನು, ನಂಬಿಯೇ ಅವನು ಹಾರಬೇಕು. ಅದು ಸಿಕ್ಕಿತೋ ತಪ್ಪಿತೋ ತಿಳಿಯದೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಯಾರದೋ ಗೋಧಿ ಹೊಲ ಎದುರಾಗುತ್ತದೆ.

ಅದಕ್ಕೇ ಏರಿಳಿತದ ವೇಗ ಹೇಳುವ ವೇರಿಯೋಮೀಟರ್. 1920ರ ದಶಕದ ಕೊನೆಗೆ, ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದಲ್ಲಿ ಹಾರಾಟಗಾರರ ಗುಂಪು ಸೇರುತ್ತಿದ್ದ ಕಾಲದಲ್ಲಿ, ವಿಮಾನ ವಿನ್ಯಾಸಕ ಅಲೆಕ್ಸಾಂಡರ್ ಲಿಪ್ಪಿಶ್ ಕೊಟ್ಟ ಸಲಹೆಯಂತೆ ಗ್ಲೈಡರ್ ಹಾರಾಟಗಾರ ರಾಬರ್ಟ್ ಕ್ರೋನ್‌ಫೆಲ್ಡ್ ಇದನ್ನು ಬಳಸಿದರು. ಹಳೆಯ ಮಾದರಿಗಳ ಜೀವಾಳ ಒಂದು ಥರ್ಮಾಸ್ ಫ್ಲಾಸ್ಕು. ಮೇಲೇರಿದಂತೆ ಹೊರಗಿನ ಒತ್ತಡ ತಗ್ಗಿ ಫ್ಲಾಸ್ಕಿನ ಗಾಳಿ ಸಣ್ಣ ಕೊಳವೆಯಲ್ಲಿ ಹೊರಬರುತ್ತದೆ. ಆ ಹರಿವಿನ ಜೋರನ್ನು ಮುಳ್ಳು ತೋರಿಸುತ್ತದೆ. ಕಾಫಿಯಿಲ್ಲದ ಫ್ಲಾಸ್ಕಿಗೆ ಇಷ್ಟು ಗೌರವ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಮುಳ್ಳನ್ನೇ ನೋಡುತ್ತ ಕೂತರೆ ಅದೇ ಥರ್ಮಲ್‌ನಲ್ಲಿ ಸುತ್ತುವ ಇನ್ನೊಂದು ಗ್ಲೈಡರ್ ಕಾಣದು. ಹಾಗಾಗಿ ಉಪಕರಣಕ್ಕೆ ದನಿ ಬಂತು. ಏರಿದರೆ ಬಿಡಿಬಿಡಿ ಬೀಪ್. ಏರು ಜೋರಾದಷ್ಟೂ ಸ್ವರ ಮೇಲೆ, ಬೀಪ್ ಚುರುಕು. ಇಳಿದರೆ ಎಡೆಬಿಡದ ತಗ್ಗಿದ ನರಳಾಟ.

ಸ್ಟುಟ್‌ಗಾರ್ಟಿನ ಅಂಗಡಿಗಳಲ್ಲಿ ನಾನು ಕೊಳ್ಳಲು ಹೋದಾಗ ಎಲ್ಲರೂ ತೋರಿಸಿದ್ದು ತೆರೆಯನ್ನು. ಬಣ್ಣ, ನಕ್ಷೆ, ಬ್ಲೂಟೂತ್. ದನಿ ಹೇಗಿದೆ ಎಂದರೆ, "ಜೋರಾಗಿದೆ" ಎಂಬ ಉತ್ತರ. ಜೋರು ಯಾರಿಗೆ ಬೇಕು? ಒಳ್ಳೆಯ ದಿನ ಐದು ಗಂಟೆ ಅದರ ಜೊತೆಗಿರಬೇಕು. ನಮ್ಮ ಕಿವಿ 3000 ಹರ್ಟ್ಸ್ ಆಸುಪಾಸಿನಲ್ಲಿ ಬಲು ಚುರುಕು. ಅಲ್ಲೇ ಕಿರುಚುವ ಯಂತ್ರ ಬೇಗ ತಲೆ ತಿನ್ನುತ್ತದೆ. ವಯಸ್ಸಾದ ಹಾರಾಟಗಾರರಿಗೆ ತೀರ ಮೇಲಿನ ಸ್ವರ ಕೇಳಿಸುವುದೂ ಕಷ್ಟ. ಮೃದುವಾದ ಮಧ್ಯಮ ದನಿಯೇ ಮೇಲು ಎಂಬುದು ನನ್ನ ಹಟ.

ಸಣ್ಣದೊಂದನ್ನು ಪರೀಕ್ಷೆಗೆಂದು ಮನೆಗೆ ತಂದೆ. ನೆಲದ ಹತ್ತಿರ ಎಂಟು ಮೀಟರ್ ಏರಿದರೆ ಒತ್ತಡ ಸುಮಾರು 1 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಅಪಾರ್ಟ್‌ಮೆಂಟಿನ ಲಿಫ್ಟು ಸಾಕು. ಜೇಬಿನಲ್ಲಿ ಬೀಪ್ ಹೆಚ್ಚುತ್ತಿದ್ದಂತೆ ಮೂರನೇ ಮಹಡಿಯಲ್ಲಿ ಹತ್ತಿದ ಅಜ್ಜಿ ನನ್ನ ಮುಖವನ್ನೂ ಜೇಬನ್ನೂ ನೋಡಿ, ಮರುಮಹಡಿಯಲ್ಲೇ ಇಳಿದು ಮೆಟ್ಟಿಲು ಹಿಡಿದರು. ಮನೆಯ ಬಾಗಿಲು ಧಡಾರನೆ ಮುಚ್ಚಿದರೂ ಅದು ಸಂಭ್ರಮಿಸುತ್ತಿತ್ತು. ಅಷ್ಟು ಸೂಕ್ಷ್ಮತೆ ಬೇಡ, ಸೆಟ್ಟಿಂಗಿನಲ್ಲಿ ತಗ್ಗಿಸಬೇಕು.

ಇನ್ನೊಂದು ಸಂಭ್ರಮವಂತೂ ಶುದ್ಧ ಮೋಸ. ಹಾರುವಾಗ ಗ್ಲೈಡರಿನ ಸ್ಟಿಕ್ಕನ್ನು ಹಿಂದಕ್ಕೆಳೆದರೆ ವೇಗ ಕಳೆದು ಎತ್ತರ ಬರುತ್ತದೆ; ಸಾದಾ ಯಂತ್ರ ಅದಕ್ಕೂ ಬೀಪ್ ಎನ್ನುತ್ತದೆ. ನಮ್ಮ ಠೇವಣಿಯನ್ನೇ ಬ್ಯಾಂಕಿನವರು ಬಡ್ಡಿ ಎಂದು ಎಣಿಸಿಕೊಟ್ಟ ಹಾಗೆ. ಬಾಲದ ಬಳಿ ಟೋಟಲ್ ಎನರ್ಜಿ ಕೊಳವೆ ಇದ್ದರೆ ಈ ಲೆಕ್ಕ ಸರಿಹೋಗುತ್ತದೆ.

ಕೊನೆಗೆ ಆರಿಸಿಕೊಂಡದ್ದರ ತೆರೆ ಸಣ್ಣದು, ಬಣ್ಣವಿಲ್ಲ. ದನಿ ಹಿತವಾಗಿದೆ. ಇಳಿತದ ನರಳಾಟ ನಿಲ್ಲಿಸಲು ಬೇರೆಯೇ ಗುಂಡಿಯಿದೆ. ಅದಕ್ಕೆಂದೇ ಕೊಂಡೆ ಎಂದರೂ ತಪ್ಪಲ್ಲ. ಆದರೆ ಹಿಂದಿನ ಸೀಟಿನ ಗುರುಗಳು ಕೂತ ತಕ್ಷಣ ಆ ನರಳಾಟವನ್ನೇ ಆನ್ ಮಾಡಿಸುತ್ತಾರೆ. ಇಳಿಯುವ ಸದ್ದನ್ನು ಶಿಷ್ಯ ಕೇಳಲೇಬೇಕಂತೆ.