635102: ಬಳಕೆದಾರರ ಕೈಪಿಡಿ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿಯ ಪಿನ್‌ಕೋಡ್ ನಿಮ್ಮ ಕೈಸೇರಿದೆ, ಅಭಿನಂದನೆಗಳು. ಪೊಟ್ಟಣದೊಳಗೆ ಆರು ಅಂಕಿ ಇವೆಯೇ ಎಂದು ಎಣಿಸಿಕೊಳ್ಳಿ. ನಡುವೆ ಸೊನ್ನೆ ಕಂಡಿತೆಂದು ವಾಪಸು ಕಳಿಸಬೇಡಿ, ಅದೂ ಲೆಕ್ಕಕ್ಕುಂಟು.

ಓದುವ ಬಗೆ: 'ಆರು ಲಕ್ಷದ ಮೂವತ್ತೈದು ಸಾವಿರದ ನೂರಾ ಎರಡು' ಎಂದರೆ ಪೋಸ್ಟ್‌ಮ್ಯಾನ್ ನಿಮ್ಮನ್ನು ಸಾಲಗಾರರೆಂದು ತಿಳಿದಾರು. ಎಡದಿಂದ ತುಂಡು ಮಾಡಿ ಓದಿ. ಮೊದಲ 6 ತಮಿಳುನಾಡು, ಕೇರಳಗಳ ವಲಯ. ಕಾಡಿನಾಚೆಯ ಕನಕಪುರಕ್ಕೆ 5. ಎರಡೂ ಕಡೆ ಕನ್ನಡವೇ ಕೇಳಿಸಿದರೂ ಅಂಕಿಗೆ ಅದರ ಗೊಡವೆಯಿಲ್ಲ. 635 ವಿಂಗಡಣೆಯ ಜಿಲ್ಲೆ, 102 ನಮ್ಮ ಅಂಚೆ ಕಚೇರಿ. ಬಾಗಲೂರಿಗೆ 103, ದೇಂಕಣಿಕೋಟೆಗೆ 107, ಹೊಸೂರಿಗೆ 109, ಕೆಲಮಂಗಲಕ್ಕೆ 113, ತಳಿಗೆ 118. ಇಂಗ್ಲಿಷ್ ಅಕ್ಷರಮಾಲೆಯಂತೆ ಕೂಗಿದ ಶಾಲೆಯ ಹಾಜರಿ ಇದು. ಕಾರ್ಖಾನೆಗಳ ಹೊಸೂರು ಹಿಂದಿನ ಬೆಂಚು, ಅಂಚೆಟ್ಟಿ ಮುಂದಿನ ಬೆಂಚು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆ ಒಡೆದಾಗಲೂ ಈ ಯಂತ್ರಕ್ಕೆ ರಿಪೇರಿ ಬೇಕಾಗಲಿಲ್ಲ.

ಬಿಚ್ಚುವ ಬಗೆ: ಮಕ್ಕಳ ಕೈಗೆ ಕೊಡಬಹುದು. ಅಂಕಿಗಳ ಮೊತ್ತ 17, ಆದ್ದರಿಂದ ಮೂವರಿಗೆ ಸಮವಾಗಿ ಹಂಚಲಾಗದು. ಎರಡರಿಂದ ಭಾಗಿಸಿದರೆ 317551. ಇಲ್ಲಿ ಹೆಚ್ಚಿನವರು ಕೈಬಿಡುತ್ತಾರೆ, ನೀವು ಬಿಡಬೇಡಿ. ಹದಿಮೂರರಿಂದ ಹೊಡೆಯಿರಿ, 24427. ಮತ್ತೊಮ್ಮೆ ಹದಿಮೂರು, 1879. ಅಲ್ಲಿಗೆ ನಿಲ್ಲಿಸಿ, ಅದು ಅವಿಭಾಜ್ಯ. ಸ್ಕ್ರೂಡ್ರೈವರ್ ಹಾಕಿದರೆ ವಾರಂಟಿ ಹೋಗುತ್ತದೆ. ಅಂದರೆ 2 × 13 × 13 × 1879. ಹದಿಮೂರನ್ನು ಅಪಶಕುನ ಎನ್ನುವವರು ಇಲ್ಲಿ ಎರಡು ಸಲ ಬೆಚ್ಚಬೇಕು.

ಕಂಪ್ಯೂಟರಿಗೆ ತಿನ್ನಿಸುವಾಗ 10011011000011011110 ಎಂದು ಇಪ್ಪತ್ತು ತುತ್ತು ಮಾಡಿ. ಹನ್ನೊಂದು ಒಂದು, ಒಂಬತ್ತು ಸೊನ್ನೆ.

ನೆನಪಿಡುವ ಬಗೆ: ಕಟಪಯಾದಿ. ಕ ಟ ಪ ಯ ಒಂದು, ಖ ಠ ಫ ರ ಎರಡು, ಹೀಗೆ ಅಕ್ಷರಕ್ಕೆ ಅಂಕಿ. ಓದು ಬಲದಿಂದ ಎಡಕ್ಕೆ. ಕರ್ನಾಟಕ ಸಂಗೀತದ ಮೇಚಕಲ್ಯಾಣಿ ರಾಗದ ಹೆಸರಿನಲ್ಲಿ 'ಮೇ' 5, 'ಚ' 6. ತಿರುಗಿಸಿದರೆ 65ನೇ ಮೇಳ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕಷ್ಟೇ ಬೆಲೆ. ನಮ್ಮ ಸಂಖ್ಯೆಯನ್ನು ಬಲದಿಂದ ಹಿಡಿದರೆ 2, 0, 1, 5, 3, 6. ರನ್ನ, ಪಮ್ಮಿ, ಲತಾ! ಮೂವರು ಸೇರಿದರೆ ಅಂಚೆಟ್ಟಿ. 1972ರ ಆಗಸ್ಟ್ 15ರಂದು ಜಾರಿಯಾದ ಪಿನ್ ವ್ಯವಸ್ಥೆಯ ರೂವಾರಿ ಶ್ರೀರಾಮ್ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಆಗಿದ್ದರು. ಈ ಮೂವರನ್ನು ಅವರು ಮೆಚ್ಚುತ್ತಿದ್ದರೆಂದೇ ನನ್ನ ನಂಬಿಕೆ.

ಎಚ್ಚರಿಕೆ: ಎರಡು ಪಿನ್‌ಕೋಡ್ ಕೂಡಬೇಡಿ, ಸರಾಸರಿ ತೆಗೆಯಬೇಡಿ. ಅಂಚೆಟ್ಟಿಗೂ ತಳಿಗೂ ಕಳೆದರೆ 16 ಉಳಿಯುತ್ತದೆ, ಆದರೆ ಅದು ದಾರಿಯ ಕಿಲೋಮೀಟರೂ ಅಲ್ಲ, ಬಸ್ಸಿನ ನಂಬರೂ ಅಲ್ಲ.

ಕನ್ನಡ ಅಂಕಿಯಲ್ಲಿ ೬೩೫೧೦೨ ಎಂದು ಬರೆಯುವ ಅಭಿಮಾನಿಗಳು ೬ರ ಬಾಲವನ್ನು ಸ್ಪಷ್ಟವಾಗಿ ಎಳೆಯಲಿ. ಅದು ೯ರಂತೆ ಕಂಡರೆ, 9 ಸೇನಾ ಅಂಚೆಯ ವಲಯ. ಸೋದರತ್ತೆಯ ಗೃಹಪ್ರವೇಶದ ಕರೆಯೋಲೆ ಯೋಧರ ಕಡೆ ಹೊರಡುವುದು ಬೇಡ.