ಬಾಲಿ ಪ್ರವಾಸಕ್ಕೆ ಎಕರೆಗೆ ಎಷ್ಟು ಎಣ್ಣಿ?

ಬಾಲಿಗೆ ಹೋಗಿಬರಲು ಎಷ್ಟು ಖರ್ಚು ಬರುತ್ತದೆ ಅಂತ ಬೆಂಗಳೂರಿನವರನ್ನು ಕೇಳಿದರೆ ರೂಪಾಯಿಯಲ್ಲಿ ಹೇಳುತ್ತಾರೆ. ಬಾಲಿಯವರನ್ನು ಕೇಳಿದರೆ ರುಪಿಯಾದಲ್ಲಿ ಹೇಳುತ್ತಾರೆ. ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಕಡೆ ಬಂದು ಕೇಳಿ, ಖರೇ ಲೆಕ್ಕ ಸಿಗುತ್ತದೆ: ಎಕರೆಗೆ ಎರಡು ಸಲ ಎಣ್ಣಿ, ಮೇಲೊಂದು ಟಾನಿಕ್ಕು.

ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧ. ಅದಕ್ಕೂ ಬಾಲಿಗೂ ಏನು ನಂಟು ಅನ್ನುವವರು ಗೊಬ್ಬರದ ಅಂಗಡಿಯ ಗೋಡೆ ನೋಡಿಲ್ಲ. ಅಲ್ಲಿ ದೇವರ ಫೋಟೋದ ಬಾಜೂಕ ಕಂಪನಿಯ ಕ್ಯಾಲೆಂಡರ್, ಕ್ಯಾಲೆಂಡರಿನ ಬಾಜೂಕ ಒಂದು ಗ್ರೂಪ್ ಫೋಟೋ. ನಲವತ್ತು ಮಂದಿ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದ್ದಾರೆ. ಇವರೆಲ್ಲ ಹಂಗಾಮಿನ ಟಾರ್ಗೆಟ್ ಮುಟ್ಟಿದ ವೀರರು. ಹೆಸರು, ಊರು ಕೇಳಬೇಡಿ. ಹೇಳಿದರೆ ನಾಳೆಯಿಂದ ಉದ್ರಿ ಬಂದ್.

ದ್ವೀಪಕ್ಕೆ ಹೋಗುವವರಲ್ಲಿ ಎರಡು ಬಗೆ. ಹೊಸದಾಗಿ ಮದುವೆಯಾದ ಸಾಫ್ಟ್‌ವೇರ್ ಹುಡುಗರು ಸಾಲ ತಗೊಂಡು ಹೋಗುತ್ತಾರೆ. ನಮ್ಮ ಅಂಗಡಿಯವರು ಸಾಲ ಕೊಟ್ಟು ಹೋಗುತ್ತಾರೆ.

ಸ್ಕೀಮಿನ ವ್ಯವಸ್ಥೆ ಬಹಳ ಸರಳ. ಇಷ್ಟು ಲಕ್ಷದ ಮಾಲು ಎತ್ತಿದರೆ ಮಿಕ್ಸರ್, ಅದರ ಮೇಲೆ ಇಷ್ಟಾದರೆ ಗೋವಾ, ಇನ್ನೂ ಇಷ್ಟಾದರೆ ಜೋಡಿಯಾಗಿ ಬಾಲಿ. ಗುರಿ ಮುಟ್ಟುವ ಅವಧಿ ಜೂನ್‌ನಿಂದ ಸೆಪ್ಟೆಂಬರ್. ಹುಳುವಿನ ಅವಧಿಯೂ ಅದೇ. ಕಂಪನಿಯ ಪಂಚಾಂಗಕ್ಕೂ ಹುಳುವಿನ ಪಂಚಾಂಗಕ್ಕೂ ಇಷ್ಟು ಚಂದ ಕುಂಡಲಿ ಕೂಡಿಬಂದದ್ದು ಯಾವ ಜೋಯಿಸರ ಪುಣ್ಯವೋ.

ಈಗ ಮುಂಗಡಪತ್ರಕ್ಕೆ ಬರೋಣ. ತಲೆಗೆ ಒಂದು ಲಕ್ಷ ಅಂತ ಹಿಡಿಯಿರಿ, ಜೋಡಿಗೆ ಎರಡು. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರ ಮಾರ್ಚ್ ಕೊನೆಯಿಂದ ನೇರ ವಿಮಾನವಿದೆ, ಆದ್ದರಿಂದ ದಾರಿಯಲ್ಲಿ ಇಳಿದು ಹತ್ತುವ ತಾಪತ್ರಯವಿಲ್ಲ. ಇಳಿದ ಮೇಲೆ ವೀಸಾಕ್ಕೆ 5 ಲಕ್ಷ ರುಪಿಯಾ. ಹೆದರಬೇಡಿ, ನಮ್ಮ ಒಂದು ರೂಪಾಯಿಗೆ ಅವರ 180-190 ರುಪಿಯಾ ಬರುತ್ತದೆ. ವೀಸಾ ಅಂದರೆ ಸುಮಾರು 2,700 ರೂಪಾಯಿ, ಅಂದರೆ 266 ರೂಪಾಯಿ 50 ಪೈಸೆಯಂತೆ ಹತ್ತು ಚೀಲ ಯೂರಿಯಾ. 2024ರ ಫೆಬ್ರುವರಿಯಿಂದ ಬಾಲಿ ಸರ್ಕಾರ ಪ್ರತಿ ವಿದೇಶಿ ಪ್ರವಾಸಿಯಿಂದ 1.5 ಲಕ್ಷ ರುಪಿಯಾ ಕರ ವಸೂಲು ಮಾಡುತ್ತಿದೆ. ಅದು ಮೂರು ಚೀಲ. ಸಮುದ್ರದಂಡೆಯಲ್ಲಿ ಒಂದು ಎಳನೀರಿಗೆ ಸಾವಿರಗಟ್ಟಲೆ ರುಪಿಯಾ ಎಣಿಸಿಕೊಟ್ಟು, ಉಳಿದ ನೋಟಿನ ಕಟ್ಟು ಕಿಸೆಗೆ ಇಳಿಸುವಾಗ ಪ್ರತಿಯೊಬ್ಬ ಡೀಲರನೂ ಅಲ್ಲಿ ಕೋಟ್ಯಧೀಶ. ಕಂಪನಿ ಕೊಡುವ ಖರೇ ಬಹುಮಾನ ಈ ಭ್ರಮೆಯೇ.

ಜೋಡಿಯ ಎರಡು ಲಕ್ಷವನ್ನು ಯೂರಿಯಾದಲ್ಲಿ ಅಳೆದರೆ 750 ಚೀಲ. 2025ರ ಜುಲೈನಲ್ಲಿ ಯೂರಿಯಾ ಸಿಗದೆ ರಾಜ್ಯದ ರೈತರು ಬೆಳಗಿನ ಜಾವಕ್ಕೇ ಸರತಿಯಲ್ಲಿ ನಿಂತು ಕಾದಿದ್ದನ್ನು ಬಲ್ಲವರಿಗೆ ಈ ಅಳತೆ ಕರುಳಿಗೆ ತಾಗುತ್ತದೆ. ಸಿಕ್ಕವರಿಗೂ ಬರೀ ಯೂರಿಯಾ ಸಿಗಲಿಲ್ಲ. ಜೊತೆಗೆ ಬೇಡದ ಒಂದು ಬಾಟಲಿ, ಬೇಡದ ಒಂದು ಪುಡಿ ಪೊಟ್ಟಣ. ಇದಕ್ಕೆ ವ್ಯಾಪಾರದಲ್ಲಿ ಲಿಂಕ್ ಅನ್ನುತ್ತಾರೆ. ಹಾಗೆ ಮಾಡಬಾರದು ಅಂತ ಸರ್ಕಾರ ವರ್ಷಾ ವರ್ಷ ಎಚ್ಚರಿಕೆ ಕೊಡುತ್ತದೆ, ಎಚ್ಚರಿಕೆಯ ಜೊತೆಗೂ ಏನಾದರೂ ಲಿಂಕ್ ಇರಬೇಕು, ಅದಕ್ಕೇ ಅದು ಯಾರಿಗೂ ತಾಗುವುದಿಲ್ಲ.

ಗೋವಿನಜೋಳದಲ್ಲಿ ಅಳೆಯಿರಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 2025ರ ನವೆಂಬರ್‌ನಲ್ಲಿ ಪೇಟೆಯ ಬೆಲೆ 1,800ಕ್ಕೂ ಕೆಳಗೆ ಜಾರಿ, ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು. 1,800ರಂತೆ ಹಿಡಿದರೂ ಎರಡು ಲಕ್ಷಕ್ಕೆ 111 ಕ್ವಿಂಟಲ್ ಬೇಕು. ಎಕರೆಗೆ 20 ಕ್ವಿಂಟಲ್ ಬಂದರೆ ಐದೂವರೆ ಎಕರೆಯ ಇಡೀ ಫಸಲು. ಬಿತ್ತಿದವರು, ಕಳೆ ತೆಗೆದವರು, ರಾಶಿ ಮಾಡಿದವರು ಯಾರೂ ಒಂದು ತೆನೆ ಮುಟ್ಟದೆ ಎಲ್ಲವನ್ನೂ ಮಾರಿದರೆ ಅಂಗಡಿಯ ದಂಪತಿಗೆ ಒಂದು ವಾರ ಬಾಲಿ.

ಈ ರೊಕ್ಕ ಕಂಪನಿ ಕೊಡುತ್ತದೆ, ರೈತನಲ್ಲ ಎಂಬ ವಾದವಿದೆ. ಖರೆ, ಕಂಪನಿಯೇ ಕೊಡುತ್ತದೆ. ಆದರೆ ಕಂಪನಿಗೆ ಕೊಡುವವರು ಯಾರು? ಬಾಟಲಿಯ ಮೇಲೆ ಬೆಲೆ ಅಚ್ಚಾಗಿದೆ, ವಿಷದ ತೀವ್ರತೆ ತೋರಿಸುವ ಬಣ್ಣದ ತ್ರಿಕೋನ ಅಚ್ಚಾಗಿದೆ. ವಿಮಾನದ ಚಿತ್ರ ಒಂದು ಅಚ್ಚಾಗಿಲ್ಲ ಅಷ್ಟೇ.

ಅಂಗಡಿಯ ಕಟ್ಟೆಯಲ್ಲಿ ಅರ್ಧ ತಾಸು ಕೂತರೆ ವಸೂಲಿಯ ವಿಧಾನ ತಿಳಿಯುತ್ತದೆ.

“ಸಾವ್ಕಾರ್ರ, ಗೋವಿನಜೋಳದ ಸುಳಿಯೊಳಗ ಹುಳ ಬಿದ್ದಾವ್ರಿ.”

“ಎಷ್ಟ ಎಕರೆ ಐತಿ ಕಾಕಾ?”

ನೋಡಿ, ಎಂಥ ಹುಳ, ಎಷ್ಟು ಗಿಡಕ್ಕೆ ಬಿದ್ದಿದೆ, ಬೆಳೆಗೆ ಎಷ್ಟು ದಿನವಾಯಿತು ಎಂಬ ಪ್ರಶ್ನೆ ಇಲ್ಲ. ಎಕರೆ ಗೊತ್ತಾದರೆ ರೋಗ ಗೊತ್ತಾದಂತೆ. ಲದ್ದಿಹುಳುವಿನ ಹೊಸ ಜಾತಿಯೊಂದು ಭಾರತದಲ್ಲಿ ಮೊದಲು ಕಂಡದ್ದು 2018ರ ಮೇನಲ್ಲಿ, ನಮ್ಮದೇ ರಾಜ್ಯದ ಶಿವಮೊಗ್ಗ ಭಾಗದಲ್ಲಿ. ಅದು ಅಮೆರಿಕ ಖಂಡದಿಂದ ಆಫ್ರಿಕಾಕ್ಕೆ, ಅಲ್ಲಿಂದ ಇಲ್ಲಿಗೆ ವೀಸಾ ಇಲ್ಲದೆ ಬಂತು. ಅದು ಬಂದ ಮೇಲೆ ಎಷ್ಟು ಮಂದಿಗೆ ವೀಸಾ ಸಿಕ್ಕಿತೋ.

“ಇದು ಹೊಸಾ ಮಾಲು ಕಾಕಾ. ಹುಳ ಇರ್ಲಿ ಬಿಡ್ಲಿ, ಹೊಡದ್ರ ಬೆಳಿ ಕರ್ರಗ ಬರ್ತೈತಿ. ಇದರ ಸಂಗಾಟ ಈ ಟಾನಿಕ್ ಕೂಡಸ್ರಿ.”

“ರೊಕ್ಕ ಸುಗ್ಗಿಗೆ ಕೊಡ್ತೀನ್ರಿ.”

“ನಿಮ್ಮನ್ನ ಯಾರ ಕೇಳಿದ್ರು? ಒಯ್ರಿ.”

ಈ “ಒಯ್ರಿ” ಎಂಬ ಔದಾರ್ಯದ ಎದುರು ಯಾವ ಬ್ಯಾಂಕೂ ನಿಲ್ಲುವುದಿಲ್ಲ. ಅಂಗಡಿಯವ ದುಷ್ಟನಲ್ಲ. ಉದ್ರಿ ಕೊಡುತ್ತಾನೆ, ಮಗಳ ಮದುವೆಗೆ ಬರುತ್ತಾನೆ, ಹಬ್ಬಕ್ಕೆ ಕ್ಯಾಲೆಂಡರ್ ಕೊಡುತ್ತಾನೆ. ರೈತ ಸಂಪರ್ಕ ಕೇಂದ್ರದ ಸಾಹೇಬರು ಸಭೆಗೆ ಹೋದಾಗ ಬಾಗಿಲು ತೆರೆದಿರುವುದು ಅವನದೊಂದೇ. ಆದರೆ ಹುಳು ಇಲ್ಲ ಅಂತ ರೈತನಿಗೆ ಹೇಳಿದ ದಿನ ಅವನ ಟಾರ್ಗೆಟ್ಟಿನಿಂದ ಒಂದು ಬಾಟಲಿ ಕಡಿಮೆ. ಖರೇ ಮಾತಾಡಿದರೆ ಗೋವಾದಲ್ಲೇ ನಿಲ್ಲುತ್ತಾನೆ, ಬಹಳ ಖರೇ ಮಾತಾಡಿದರೆ ಮಿಕ್ಸರ್‌ಗೆ ಇಳಿಯುತ್ತಾನೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯ ತುಕ್ಕು ರೋಗ ತಡೆದುಕೊಳ್ಳುವ ಡಿಎಸ್‌ಬಿ-21 ಎಂಬ ಸೋಯಾ ತಳಿ ಕೊಟ್ಟು ಎಷ್ಟೋ ವರ್ಷವಾಯಿತು. ತುಕ್ಕು ಹತ್ತದ ಬೆಳೆಗೆ ತುಕ್ಕಿನ ಎಣ್ಣಿ ಬೇಕಾಗುವುದಿಲ್ಲ. ಇದಕ್ಕಿಂತ ದೊಡ್ಡ ವ್ಯಾಪಾರದ್ರೋಹ ಇನ್ನೊಂದಿಲ್ಲ. ಆ ತಳಿ ಮಾಡಿದ ವಿಜ್ಞಾನಿಗಳನ್ನು ಯಾರೂ ಬಾಲಿಗೆ ಕರೆದೊಯ್ಯುವುದಿಲ್ಲ, ಸೆಪ್ಟೆಂಬರ್ ಬಂತೆಂದರೆ ಅವರು ಕೃಷಿ ಮೇಳದ ಧೂಳಿನಲ್ಲಿ ಮಳಿಗೆ ಕಾಯಬೇಕು.

ಸರ್ಕಾರ ಕಣ್ಣು ಮುಚ್ಚಿಕೊಂಡಿಲ್ಲ, ಅದು ಪ್ರವಾಸವನ್ನು ನೋಡಿದೆ. ಆದಾಯ ತೆರಿಗೆ ಕಾಯ್ದೆಗೆ 194ಆರ್ ಎಂಬ ಕಲಮು ಸೇರಿಸಿ, 2022ರ ಜುಲೈ 1ರಿಂದ ಇಂಥ ಉಡುಗೊರೆ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10 ತೆರಿಗೆ ಮುರಿಯಬೇಕು ಅಂದಿತು. ಸುತ್ತೋಲೆ ಇನ್ನೂ ಸೊಗಸು. ಹೊಸ ಮಾಲಿನ ಬಗ್ಗೆ ತಿಳಿವಳಿಕೆ ಕೊಡುವ ಸಮಾವೇಶವಾದರೆ ಅದು ಉಡುಗೊರೆಯಲ್ಲ. ಟಾರ್ಗೆಟ್ ಮುಟ್ಟಿದವರನ್ನು ಮಾತ್ರ ಆರಿಸಿ ಕರೆದರೆ ಉಡುಗೊರೆ. ಹೆಂಡತಿ ಮಕ್ಕಳ ಖರ್ಚು ಉಡುಗೊರೆ. ಸಮಾವೇಶಕ್ಕಿಂತ ಹೆಚ್ಚು ದಿನ ಉಳಿದರೆ ಉಡುಗೊರೆ, ಆದರೆ ಹಿಂದಿನ ಒಂದು ದಿನ, ಮುಂದಿನ ಒಂದು ದಿನ ನಡೆಯುತ್ತದೆ ಅಂತ ಆಮೇಲೆ ಸ್ಪಷ್ಟನೆ ಬಂತು. ಅಂದರೆ ದೆಹಲಿಯ ಅಧಿಕಾರಿಗಳು ಡೀಲರ್ ಬಾಲಿಯಲ್ಲಿ ಎಷ್ಟು ಹೊತ್ತು ಸಭೆಯಲ್ಲಿದ್ದ, ಎಷ್ಟು ಹೊತ್ತು ನೀರಿನಲ್ಲಿದ್ದ ಅಂತ ಕೂಡಿ ಕಳೆದು ಕುಳಿತಿದ್ದಾರೆ. ಆ ಪ್ರವಾಸಕ್ಕಾಗಿ ಸುಳ್ಳ ಗ್ರಾಮದ ಒಬ್ಬ ರೈತ ಬೇಡದ ಎಣ್ಣಿ ಎಷ್ಟು ಸಲ ಹೊಡೆದ ಎಂಬುದಕ್ಕೆ ಅವರ ತೆರಿಗೆ ಫಾರ್ಮಿನಲ್ಲಿ ಕಾಲಮ್ಮಿಲ್ಲ.

ಮನುಷ್ಯರ ಡಾಕ್ಟರರ ವಿಷಯದಲ್ಲಿ ಸರ್ಕಾರ ಇಷ್ಟು ಸೌಮ್ಯವಾಗಿಲ್ಲ. ಔಷಧ ಕಂಪನಿಗಳು ವೈದ್ಯರಿಗೆ, ಅವರ ಮನೆಮಂದಿಗೆ ದೇಶ ವಿದೇಶದ ಪ್ರವಾಸ ಮಾಡಿಸಬಾರದು ಎಂಬ ಸಂಹಿತೆ 2024ರ ಮಾರ್ಚ್‌ನಲ್ಲಿ ಬಂತು. ಉಡುಗೊರೆ ತಿಂದ ಕೈ ಬೇಡದ ಔಷಧ ಬರೆಯುತ್ತದೆ ಎಂಬುದು ಅದರ ಹಿಂದಿನ ಅನುಮಾನ. ಆ ಅನುಮಾನ ಹುಬ್ಬಳ್ಳಿಯ ದವಾಖಾನೆಯವರೆಗೆ ಬಂದು, ಹೊಲಕ್ಕೆ ಹೋಗುವ ಕೆಸರು ರಸ್ತೆ ನೋಡಿ ಹೊಳ್ಳಿಹೋಗಿದೆ.

ಇಷ್ಟೆಲ್ಲ ಮಾಡಿ ಬಾಲಿ ಮುಟ್ಟಿದ ನಮ್ಮವರು ಅಲ್ಲಿ ಏನು ನೋಡುತ್ತಾರೆ? ಮೊದಲು ಜೋಕಾಲಿ. ಉಬುದ್ ಕಡೆಯ ಭತ್ತದ ಮೆಟ್ಟಿಲು ಗದ್ದೆಗಳ ಮೇಲೆ, ತೆಂಗಿನ ಮರಕ್ಕೆ ಕಟ್ಟಿದ ಜೋಕಾಲಿ. ಟಿಕೆಟ್ಟಿನ ಬೋರ್ಡು ಲಕ್ಷಗಳಲ್ಲಿದೆ, ಫೋಟೋಕ್ಕೆ ಉದ್ದನೆಯ ಕೆಂಪು ಉಡುಪು ಬಾಡಿಗೆಗೆ ಸಿಗುತ್ತದೆ. ನಾಗರ ಪಂಚಮಿಗೆ ಊರ ಬೇವಿನಮರಕ್ಕೆ ಹಗ್ಗ ಕಟ್ಟಿ, ಬಾಯಲ್ಲಿ ಉಂಡಿ ಇಟ್ಟುಕೊಂಡು ಪುಕ್ಕಟೆ ಜೀಕಿದ ಹೆಣ್ಣುಮಗಳು ಇಲ್ಲಿ ರೊಕ್ಕ ಕೊಟ್ಟು ಹತ್ತಿ, “ಏನ ಚಂದ ಐತ್ರೀ” ಅಂತ ವಿಡಿಯೋ ಕಳಿಸುತ್ತಾಳೆ. ಕೆಳಗಿನ ಗದ್ದೆ ಆ ವಿಡಿಯೋದಲ್ಲಿ ಬರೀ ಹಸಿರು ಬಣ್ಣ.

ಆ ಹಸಿರಿನ ಕಥೆ ಕೇಳಿದ್ದರೆ ಕಂಪನಿಯವರು ಪ್ರವಾಸವನ್ನು ಬೇರೆ ದ್ವೀಪಕ್ಕೆ ಬದಲಿಸುತ್ತಿದ್ದರು. ಇಂಡೊನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳು ಬಿತ್ತು. ಸರ್ಕಾರವೇ ಸಬ್ಸಿಡಿ ಕೊಟ್ಟು ಎಣ್ಣಿ ಹೊಡೆಸಿತು. ಹೊಡೆದಷ್ಟೂ ಹುಳು ಹೆಚ್ಚಾಯಿತು, ಯಾಕೆಂದರೆ ಅದರ ತತ್ತಿ ಎಲೆಯ ಬುಡದ ಕವಚದೊಳಗೆ ಸುರಕ್ಷಿತವಾಗಿತ್ತು, ಹುಳು ತಿನ್ನುವ ಜೇಡ ಮಾತ್ರ ಮೊದಲ ಸಿಂಪಡಣೆಗೇ ಸತ್ತಿತ್ತು. 1986ರಲ್ಲಿ ಅಧ್ಯಕ್ಷ ಸುಹಾರ್ತೊ ಒಂದೇ ಆದೇಶದಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ಬಂದ್ ಮಾಡಿದರು. 1989ರ ಹೊತ್ತಿಗೆ ಸಬ್ಸಿಡಿಯೂ ನಿಂತಿತು. ಭತ್ತದ ಇಳುವರಿ ಬೀಳಲಿಲ್ಲ. ಸುಹಾರ್ತೊ ಸಾಧು ಪುರುಷರೇನಲ್ಲ. ಆದರೆ ಅವರಿಗೆ ಬಾಲಿ ಪ್ರವಾಸದ ಆಸೆ ತೋರಿಸಲು ಯಾವ ಕಂಪನಿಗೂ ಆಗಲಿಲ್ಲ, ಬಾಲಿ ಅವರದೇ ಆಗಿತ್ತು.

ಬಾಲಿಯ ರೈತರು ಇನ್ನೂ ಹಳೆಯ ಶಾಣ್ಯಾರು. ಅವರ ನೀರಾವರಿ ಸಂಘದ ಹೆಸರು ಸುಬಾಕ್. ಬಾತೂರ್ ಸರೋವರದ ದೇವಿಯ ಗುಡಿಯಿಂದ ಹಿಡಿದು ಕಾಲುವೆಯ ಒಂದೊಂದು ಕವಲಿನ ಗುಡಿಯವರೆಗೆ, ಯಾರು ಯಾವಾಗ ನೀರು ಹರಿಸಬೇಕು, ಯಾವಾಗ ಎಲ್ಲರೂ ಗದ್ದೆ ಖಾಲಿ ಬಿಡಬೇಕು ಅಂತ ಕೂಡಿ ತೀರ್ಮಾನಿಸುತ್ತಾರೆ. ಎಲ್ಲರೂ ಒಮ್ಮೆಗೇ ಖಾಲಿ ಬಿಟ್ಟರೆ ಹುಳುವಿಗೆ ತಿನ್ನಲು ಏನೂ ಇಲ್ಲ, ತಾನೇ ಸಾಯುತ್ತದೆ. 1970ರ ದಶಕದ ಹಸಿರು ಕ್ರಾಂತಿಯ ಸಾಹೇಬರು ಗುಡಿಯ ಪಂಚಾಂಗ ಬದಿಗಿಡಿ, ವರ್ಷವಿಡೀ ಭತ್ತ ಹಚ್ಚಿರಿ ಅಂದರು. ಹುಳುವೂ ವರ್ಷವಿಡೀ ಉಂಡಿತು. ಆಮೇಲೆ ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ನೋಡಿದಾಗ ಗುಡಿಯವರ ಪಂಚಾಂಗವೇ ಸರಿ ಅಂತ ಬಂತು. 2012ರಲ್ಲಿ ಯುನೆಸ್ಕೊ ಸುಬಾಕನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಣ್ಣಿ ಮಾರಿ ಗೆದ್ದವರು, ಎಣ್ಣಿ ಇಲ್ಲದೆ ಹುಳು ಸಾಯಿಸುವ ಗದ್ದೆಯ ಮುಂದೆ ನಿಂತು ಸೆಲ್ಫಿ ತಗೊಂಡು ಬರುತ್ತಾರೆ.

ದುಮ್ಮವಾಡದ ಹತ್ತಿರವೂ ನೀರಿದೆ. ಬೇಡ್ತಿ ಹಳ್ಳಕ್ಕೆ 1950ರ ದಶಕದಲ್ಲಿ ಕಟ್ಟಿದ ನೀರಸಾಗರ ಹುಬ್ಬಳ್ಳಿಯವರಿಗೆ ದಶಕಗಟ್ಟಲೆ ನೀರು ಕುಡಿಸಿದೆ. ದಂಡೆಯ ಊರವರು ಮಾತ್ರ ಮುಗಿಲು ನೋಡಿ ಬಿತ್ತುತ್ತಾರೆ, ಅಂಗಡಿ ನೋಡಿ ಹೊಡೆಯುತ್ತಾರೆ. ನೀರು ಯಾರಿಗೆ ಅಂತ ನಗರ ತೀರ್ಮಾನಿಸಿದರೆ, ಎಣ್ಣಿ ಯಾವಾಗ ಅಂತ ಸ್ಕೀಮು ತೀರ್ಮಾನಿಸುತ್ತದೆ.

ಆದ್ದರಿಂದ ಈ ಮುಂಗಡಪತ್ರಕ್ಕೆ ದುಡ್ಡು ಹಾಕುವ ಪಾಲುದಾರರ ಪರವಾಗಿ ಕೆಲವು ಬೇಡಿಕೆಗಳು. ಬಿಲ್ಲಿನಲ್ಲಿ ಜಿಎಸ್‌ಟಿಯ ಕೆಳಗೆ ಬಾಲಿ ಕರ ಅಂತ ಒಂದು ಸಾಲು ಬೇರೆ ತೋರಿಸಬೇಕು, ದೇಣಿಗೆ ಕೊಟ್ಟ ಸಮಾಧಾನವಾದರೂ ಇರಲಿ. ಅಂಗಡಿಯ ಬಾಗಿಲಿಗೆ ಸ್ಕೀಮಿನ ಬೋರ್ಡು ಹಚ್ಚಿ, ಇನ್ನೆಷ್ಟು ಬಾಟಲಿಗೆ ಸಾವ್ಕಾರ್ರು ವಿಮಾನ ಹತ್ತುತ್ತಾರೆ ಅಂತ ದಿನಾ ಬರೆಯಬೇಕು. ಅದನ್ನು ನೋಡಿಯೇ ರೈತ ತನ್ನ ಹೊಲದ ರೋಗವನ್ನು ಅಂದಾಜು ಮಾಡಿಕೊಳ್ಳುತ್ತಾನೆ. ಮತ್ತು ಬಾಲಿಗೆ ಹೋಗಿಬಂದವರು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಒಂದು ತಾಸು ನಿಂತು, ಅಲ್ಲಿಯ ರೈತರು ಹುಳು ಬಿದ್ದಾಗ ಏನು ಮಾಡುತ್ತಾರೆ ಅಂತ ಊರಿಗೆ ಹೇಳಬೇಕು. ಗೊತ್ತಿಲ್ಲ ಅಂದವರು ಕೊಟ್ಟ ಉದ್ರಿ ಮನ್ನಾ.

ಈ ಬೇಡಿಕೆಗಳು ಕಂಪನಿಗೆ ಮುಟ್ಟುವ ಹೊತ್ತಿಗೆ ತಡವಾಗಿರುತ್ತದೆ. ಮುಂದಿನ ಹಂಗಾಮಿನ ಸ್ಕೀಮು ವಿಯೆಟ್ನಾಂ ಅಂತೆ. ಹುಳು ಇನ್ನೂ ತತ್ತಿಯೊಳಗೈತಿ, ಟಿಕೆಟ್ ಆಗಲೇ ಬುಕ್ ಆಗೈತಿ.